ಹಳೇ ಬ್ಲಾಕ್ ಕೆಡವಿ ಸ್ವಂತ ಮನೆ ಕಟ್ಟಿಕೊಳ್ಳುವುದು ಹೇಗೆ?

ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಒಂದು ಹಳೇ ಮೂರಂತಸ್ತಿನ ಬ್ಲಾಕ್‌ನಲ್ಲಿ ನಿಮ್ಮ ವಾಸ ಅಂದುಕೊಳ್ಳಿ. ಮೇಲಿನ ಮನೆಯ ಬಚ್ಚಲಿನ ತಳ, ಅಂದರೆ ನಿಮ್ಮ ಚಾವಣಿ, ಅದನ್ನೊಮ್ಮೆ ನೋಡಿ. ಗಿಲಾವು ಉದುರಿ ಕಂದು ಬಣ್ಣದ ಸರಳು ಕಾಣುತ್ತಿದೆಯಾ? ಹಾಗಿದ್ದರೆ ಮೇಲೆ ಸಿಮೆಂಟ್ ಮೆತ್ತಿಸುವುದು ಸುಮ್ನೆ ದುಡ್ಡು ದಂಡ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬುತ್ತಾ ಸುತ್ತಲಿನ ಕಾಂಕ್ರೀಟನ್ನೇ ಸೀಳುತ್ತದೆ. ಕಟ್ಟಡ ಎಷ್ಟು ಕೆಟ್ಟಿದೆ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಕೈಲಿ ಲಿಖಿತ ವರದಿ ಪಡೆಯಿರಿ. ಅದನ್ನು ಲಗತ್ತಿಸಿ ಪಾಲಿಕೆಗೆ ಅರ್ಜಿ ಕೊಡಿ. ಕಟ್ಟಡ ಕೊಳಗೇರಿ ಅಭಿವೃದ್ಧಿ ಮಂಡಳಿಯದಾದರೆ ಅಲ್ಲಿಗೂ ಕೊಡಿ. ಸ್ವೀಕೃತಿ ಪತ್ರ ಇಲ್ಲದೆ ವಾಪಸ್ ಬರಬೇಡಿ.

ಆಮೇಲೆ ಬ್ಲಾಕ್‌ನ ನಿವಾಸಿಗಳದೇ ಒಂದು ಸಂಘ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಳ್ಳಬಹುದು. ಸಂಘದ ಮೊದಲ ಕೆಲಸ, ಯಾರು ಯಾವ ಮನೆಯಲ್ಲಿದ್ದಾರೆ ಎಂಬ ಪಟ್ಟಿ. ಇಲ್ಲೇ ಜಾಸ್ತಿ ಜನ ಕೈಬಿಟ್ಟುಹೋಗುತ್ತಾರೆ. ನಮ್ಮ ಕಡೆ ಬೇಸಿಗೆ ಬಂತೆಂದರೆ ಎಷ್ಟೋ ಕುಟುಂಬ ಬೆಂಗಳೂರಿಗೆ ಗುಳೆ ಹೋಗುತ್ತವೆ. ಸರ್ವೆಯವರು ಬಂದ ದಿನ ಬಾಗಿಲಿಗೆ ಬೀಗ ಇದ್ದರೆ 'ಖಾಲಿ ಮನೆ' ಅಂತ ಬರೆದುಕೊಂಡು ಹೋಗುತ್ತಾರೆ. ಅದಕ್ಕೇ ಪ್ರತಿ ಮನೆಯ ಹಕ್ಕುಪತ್ರ ಅಥವಾ ಬಾಡಿಗೆ ಕರಾರು, ಜೆಸ್ಕಾಂ ಕರೆಂಟ್ ಬಿಲ್ಲು, ರೇಷನ್ ಕಾರ್ಡಿನ ಪ್ರತಿ ಮೊದಲೇ ಒಂದು ಫೈಲಿನಲ್ಲಿರಲಿ. ಒಂದೇ ಮನೆಯಲ್ಲಿ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರನ್ನೂ, ಗಂಡ ತೀರಿಕೊಂಡ ಸೊಸೆಯನ್ನೂ ಬಿಡಬೇಡಿ.

ಜಾಗದ ಲೆಕ್ಕ ನೀವೇ ಹಾಕಿ. 24 ಕುಟುಂಬಗಳಿಗೆ ತಲಾ 20x30 ಅಡಿ ಸೈಟು ಎಂದರೆ 14,400 ಚದರಡಿ. ಒಟ್ಟು ಜಾಗದಲ್ಲಿ ಶೇ 40ರಷ್ಟು ರಸ್ತೆ, ಚರಂಡಿಗೆ ಹೋಗುತ್ತದೆಂದು ಇಟ್ಟುಕೊಂಡರೆ ಹತ್ತಿರ ಹತ್ತಿರ 22 ಗುಂಟೆ ಬೇಕು. ಅಷ್ಟಿಲ್ಲದಿದ್ದರೆ ಚಿಕ್ಕ ಸೈಟಿನಲ್ಲಿ ಮಹಡಿ ಮನೆ, ಇಲ್ಲವೇ ಕೆಲವರಿಗೆ ಪಕ್ಕದ ಜಾಗ. ಇದನ್ನು ಎಲ್ಲರೂ ಕೂತು ಮೊದಲೇ ಮಾತಾಡಿಕೊಳ್ಳಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು: ಕಾಗದ ಆಗುವ ತನಕ ಕಟ್ಟಿಸಿಕೊಡುವವರಿಗೆ ಬೀಗದಕೈ ಕೊಡಬೇಡಿ. ಯಾರಿಗೆ ಯಾವ ನಂಬರಿನ ಮನೆ, ಎಷ್ಟು ಚದರಡಿ, ಕಟ್ಟುವಷ್ಟು ದಿನ ಎಲ್ಲಿರಬೇಕು, ಆ ಬಾಡಿಗೆ ಯಾರು ಕೊಡಬೇಕು, ಯಾವತ್ತಿಗೆ ಮುಗಿಸಬೇಕು, ತಡವಾದರೆ ಏನು ಪರಿಹಾರ, ಇಷ್ಟೂ ಬರಹದಲ್ಲಿರಲಿ. ಖಾಸಗಿ ಬಿಲ್ಡರ್ ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲಿ. 'ನಾವಿದ್ದೀವಲ್ಲ, ಮಾಡಿಕೊಡ್ತೀವಿ' ಎಂಬ ಬಾಯಿಮಾತಿಗೆ ಮನೆ ಖಾಲಿ ಮಾಡಿದವರಿಗೆ ಆಮೇಲೆ ಕೇಳುವ ಬಲವೇ ಇರುವುದಿಲ್ಲ.

ದುಡ್ಡಿನ ವಿಷಯ. ಸ್ವಂತ ಸೈಟಿನಲ್ಲಿ ಕಟ್ಟಿಕೊಳ್ಳುವವರಿಗೆ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಕೇಂದ್ರದ ನೆರವು 1.5 ಲಕ್ಷ ರೂಪಾಯಿ. ವರ್ಷದ ಆದಾಯ 3 ಲಕ್ಷ ಮೀರಬಾರದು. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಹಿಂದಿನ 20 ವರ್ಷಗಳಲ್ಲಿ ಬೇರೆ ಸರ್ಕಾರಿ ವಸತಿ ಯೋಜನೆಯ ಲಾಭ ಪಡೆದಿರಬಾರದು. ಹಳೇ ಬ್ಲಾಕ್‌ನ ಮನೆ ನಿಮ್ಮದೇ ಹೆಸರಿನಲ್ಲಿದ್ದರೆ ಈ ಷರತ್ತುಗಳು ಅಡ್ಡ ಬರಬಹುದು. ಆದ್ದರಿಂದ ಕೆಡವುವ ಮುಂಚೆಯೇ ಪಾಲಿಕೆಯಲ್ಲಿ ವಿಚಾರಿಸಿ.

ಇನ್ನು ಪಾಯ. ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಅದರ ಜೊತೆ ಗೋಡೆಯೂ ಬಿರಿಯುತ್ತದೆ. ಗಟ್ಟಿ ನೆಲ ಸಿಗುವವರೆಗೆ ಎರೆ ಅಗೆದು ತೆಗೆಸಿ, ಗರಸು ಹಾಕಿಸಿ, ಪದರ ಪದರವಾಗಿ ನೀರು ಬಿಟ್ಟು ದಿಮ್ಮಸು ಮಾಡಿಸಿ. ಪ್ಲಿಂತ್ ಬೀಮ್, ಅಂದರೆ ಪಾಯದ ಮೇಲೆ ಗೋಡೆಯ ಕೆಳಗೆ ಬರುವ ಕಾಂಕ್ರೀಟ್ ತೊಲೆ, ಬಿಡಬೇಡಿ. ಎರೆ ತೀರಾ ಆಳವಿದ್ದರೆ ಪೈಲ್ (ನೆಲದಾಳಕ್ಕೆ ಇಳಿಸುವ ಕಂಬ) ಬೇಕಾ ಅಂತ ಎಂಜಿನಿಯರನ್ನು ಕೇಳಿ. ನಮ್ಮ ಬಿಸಿಲಿಗೆ ಕಾಂಕ್ರೀಟು ಬೇಗ ಒಣಗುತ್ತದೆ. ಹಾಗಾಗಿ ಸ್ಲ್ಯಾಬಿನ ಮೇಲೆ ಮಣ್ಣಿನ ಒಡ್ಡು ಕಟ್ಟಿ ಕನಿಷ್ಠ 10 ದಿನ ನೀರು ನಿಲ್ಲಿಸಿ.

ಮನೆ ಮುಗಿದ ತಿಂಗಳೇ ಇ-ಖಾತಾಕ್ಕೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆಗೆ, ಅರ್ಜಿ ಹಾಕಿ. ಖಾತಾದಲ್ಲಿ ಮನೆಯ ಹೆಣ್ಣುಮಗಳ ಹೆಸರೂ ಇರಲಿ.