ಮೇಲುಕೋಟೆಯಲ್ಲಿ ಎರಡು ದಿನ, ಹನ್ನೊಂದು ಕಾರಿಕೆ

ನಮ್ಮ ತತ್ತ್ವಶಾಸ್ತ್ರ ವಿಭಾಗದ ಮೇಷ್ಟ್ರುಗಳೆಲ್ಲ ವರ್ಷಕ್ಕೊಮ್ಮೆ ಎರಡು ದಿನ ಮೈಸೂರು ಬಿಟ್ಟು ಹೊರಗೆ ಹೋಗಿ ಕೂರುತ್ತೇವೆ. ಹೊರಗಿನ ವಿದ್ವಾಂಸರೊಬ್ಬರು ಬರುತ್ತಾರೆ. ಹಾರ, ಶಾಲು, ಪೇಟ ಆಗುತ್ತದೆ. ಆಮೇಲೆ ಸರದಿಯಂತೆ ಪ್ರಬಂಧ ಓದುವುದು, ಮಧ್ಯಾಹ್ನದ ಪ್ರಬಂಧಕ್ಕೆ ಅರ್ಧ ಸಭೆ ತೂಕಡಿಸುವುದು. ಕಳೆದ ಸಲ ವ್ಯವಸ್ಥೆ ನನ್ನ ತಲೆಗೆ ಬಂತು. ಪ್ರಬಂಧಗಳನ್ನೇ ಕೈಬಿಟ್ಟೆ.

ಬೌದ್ಧ ದಾರ್ಶನಿಕ ನಾಗಾರ್ಜುನನ ಮೂಲಮಧ್ಯಮಕಕಾರಿಕೆ ಎಂಬ ಗ್ರಂಥದ 24ನೇ ಅಧ್ಯಾಯ ಒಂದನ್ನೇ ಇಟ್ಟುಕೊಂಡು, ತಿಂಗಳ ಮುಂಚೆ ಎಲ್ಲರಿಗೂ ಜೆರಾಕ್ಸ್ ಹಂಚಿದೆ. ಒಟ್ಟು 40 ಕಾರಿಕೆ, ಅಂದರೆ ಶ್ಲೋಕ. ಮೊದಲ ಆರು ಪೂರ್ವಪಕ್ಷದವು, ಅಂದರೆ ಎದುರಾಳಿಯ ಮಾತು: ಎಲ್ಲವೂ ಶೂನ್ಯವಾದರೆ, ಯಾವುದಕ್ಕೂ ಸ್ವಂತ ಸ್ವಭಾವವೇ ಇಲ್ಲದಿದ್ದರೆ, ಬುದ್ಧ ಹೇಳಿದ ನಾಲ್ಕು ಆರ್ಯಸತ್ಯಗಳೂ ಉಳಿಯುವುದಿಲ್ಲವಲ್ಲ ಎಂಬ ಆಕ್ಷೇಪ. ಜಗಳ ಶುರುವಾಗಲು ಇನ್ನೇನು ಬೇಕು? ಬೈಲಕುಪ್ಪೆಯ ಟಿಬೆಟನ್ ಮಠದಿಂದ ಒಬ್ಬ ಗೆಶೆಯವರನ್ನು, ಅಂದರೆ ಶಾಸ್ತ್ರ ಓದಿ ಪದವಿ ಪಡೆದ ಭಿಕ್ಷುವನ್ನು, ಕರೆದೆ. ಅಷ್ಟು ಹತ್ತಿರ ಇದ್ದರೂ ಇಷ್ಟು ವರ್ಷ ನಮಗದು ಹೊಳೆದಿರಲಿಲ್ಲ! ಜಾಗ ಮೇಲುಕೋಟೆ. ಶೂನ್ಯವಾದವನ್ನು ಖಂಡಿಸಿದ ರಾಮಾನುಜರು ನೆಲೆಸಿದ್ದ ಊರಲ್ಲಿ ಇದನ್ನು ಓದುವುದೇ ಅಂತ ನಮ್ಮ ವಿಶಿಷ್ಟಾದ್ವೈತದ ಮೇಷ್ಟ್ರು ಹುಬ್ಬೇರಿಸಿದರು. ಪೂರ್ವಪಕ್ಷವನ್ನು ಅವರಿಗೇ ಒಪ್ಪಿಸಿದೆ.

ಗೆಶೆಯವರು ತಮ್ಮ ಮಠದ ವಾದದ ನಿಯಮಗಳನ್ನು ಹಿಂದಿಯಲ್ಲಿ ಹೇಳಿದರು. ಉತ್ತರಿಸುವವರು ನೆಲದ ಮೇಲೆ ಕೂರಬೇಕು, ಕೇಳುವವರು ನಿಲ್ಲಬೇಕು. ಪ್ರಶ್ನೆ ಮುಗಿಯುತ್ತಿದ್ದಂತೆ ಎಡಗಾಲು ನೆಲಕ್ಕೆ ಬಡಿದು, ಅಂಗೈಗೆ ಅಂಗೈ ಹೊಡೆಯಬೇಕು. ಕೂತವರು ಭಾಷಣ ಮಾಡುವ ಹಾಗಿಲ್ಲ. ಒಪ್ಪಿದೆ, ಯಾಕೆ, ಹೇತು ಸಿದ್ಧವಿಲ್ಲ (ಕೊಟ್ಟ ಕಾರಣವೇ ನಿಜವಲ್ಲ), ವ್ಯಾಪ್ತಿ ಇಲ್ಲ (ಕಾರಣ ನಿಜವಾದರೂ ಅದರಿಂದ ಆ ತೀರ್ಮಾನ ಬರುವುದಿಲ್ಲ): ಇವುಗಳಲ್ಲಿ ಒಂದನ್ನು ಹೇಳಿ ಸುಮ್ಮನಾಗಬೇಕು. ಕೊನೆಯ ಎರಡನ್ನು ಕೇಳಿ ನಾವು ಮುಖ ಮುಖ ನೋಡಿಕೊಂಡೆವು. ಬೆಟ್ಟದಲ್ಲಿ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ ಅಂತ ಬಿ.ಎ. ಮಕ್ಕಳಿಗೆ ನಾವು ಉರು ಹೊಡೆಸುವ ಅದೇ ತರ್ಕ. ಅವರು ಮಠದ ಅಂಗಳದಲ್ಲಿ ಕೂಗಾಡಿ ಅದನ್ನು ಬಳಸುತ್ತಾರೆ.

ಮೊದಲು ಕೂತವನು ನಾನೇ, ಕೇಳಲು ನಿಂತವರು ವಿಶಿಷ್ಟಾದ್ವೈತದ ಮೇಷ್ಟ್ರು.

"ಈ ಲೋಟ ಶೂನ್ಯ ತಾನೇ ಸಾರ್?"

"ಒಪ್ಪಿದೆ."

"ಹಾಗಾದರೆ ಇದರಲ್ಲಿ ಕಾಫಿ ನಿಲ್ಲಬಾರದು, ಶೂನ್ಯವಾದ್ದರಿಂದ." ಫಟ್ ಅಂತ ಚಪ್ಪಾಳೆ.

"ಅದು ಹೇಗೆಂದರೆ, ವ್ಯವಹಾರಸತ್ಯ ಅಂತ ಒಂದಿದೆ, ಪರಮಾರ್ಥ ಅಂತ..."

ಗೆಶೆಯವರು ಕೈಯೆತ್ತಿ ತಡೆದರು. ವ್ಯಾಪ್ತಿ ಇಲ್ಲ ಎಂದಿದ್ದರೆ ಸಾಕಿತ್ತು. ಶೂನ್ಯವಾದದ್ದೆಲ್ಲ ಕೆಲಸಕ್ಕೆ ಬಾರದ್ದು ಎಂಬ ನಿಯಮವನ್ನೇ ನಾಗಾರ್ಜುನ ಒಪ್ಪುವುದಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಆ ಎರಡು ಪದ ಬಾಯಿಗೆ ಬರಲು ಹತ್ತು ನಿಮಿಷ ಹಿಡಿಯಿತು.

ಗಂಟೆಗೆ ಐದು ಕಾರಿಕೆ ಎಂದು ನಾನು ಹಾಕಿಕೊಂಡಿದ್ದ ಲೆಕ್ಕ ಮೊದಲ ದಿನವೇ ಕೆಟ್ಟಿತು. ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್‌ನ ಫೈಲಿಗೆ ಬೇಕಿದ್ದ ಬ್ಯಾನರ್ ವ್ಯಾನಿನಲ್ಲೇ ಉಳಿಯಿತು. ಹಾಗಾಗಿ ಫೈಲಿನಲ್ಲಿರುವುದು ಕಾಲೆತ್ತಿದ ಪ್ರೊಫೆಸರರ ಫೋಟೋ. ಮಂಡಿನೋವಿದ್ದ ಇಬ್ಬರಿಗೆ ಕುರ್ಚಿ ಕೊಟ್ಟೆವು, ಅದನ್ನು ಮೊದಲೇ ಯೋಚಿಸಬೇಕಿತ್ತು.

ಎರಡನೇ ಸಂಜೆ 11ನೇ ಕಾರಿಕೆಗೆ ಬಂದಿದ್ದೆವು. ತಪ್ಪಾಗಿ ತಿಳಿದ ಶೂನ್ಯತೆ, ತಪ್ಪಾಗಿ ಹಿಡಿದ ಹಾವಿನ ಹಾಗೆ, ಮಂದಮತಿಯನ್ನು ಹಾಳುಮಾಡುತ್ತದೆ ಎನ್ನುವ ಕಾರಿಕೆ. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯತೊಡಗಿದ. ವಿಶಿಷ್ಟಾದ್ವೈತದ ಮೇಷ್ಟ್ರು ಪುಳಿಯೋಗರೆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, "ವ್ಯಾಪ್ತಿ ಯಾಕಿಲ್ಲ ಅಂತ ಹೇಳಲೇ ಇಲ್ಲವಲ್ಲ ಸಾರ್" ಎಂದು ಪಾಂಡವಪುರ ದಾಟುವವರೆಗೂ ಬಿಡಲಿಲ್ಲ.