ಒಂದು ಪ್ಲೇಟು, ಐದು ಚಮಚ: ಕ್ಯಾನ್‌ಬೆರಾ ಜಾತ್ರೆಗೆ ಮನೆಮಂದಿಯೆಲ್ಲ ಹೋಗುವುದು ಹೇಗೆ?

ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ನಡೆಯುವ, ನಾನಾ ದೇಶದವರು ಸೇರುವ ಈ ಹಬ್ಬದ ಹೆಸರು ನ್ಯಾಷನಲ್ ಮಲ್ಟಿಕಲ್ಚರಲ್ ಫೆಸ್ಟಿವಲ್. ನಮ್ಮ ಮನೆಯಲ್ಲಿ ಮಾತ್ರ ಅದು ಜಾತ್ರೆ. ಪ್ರತಿ ಫೆಬ್ರುವರಿಯಲ್ಲಿ ಒಂದು ಶುಕ್ರವಾರ ಶುರುವಾಗಿ ಭಾನುವಾರ ಮುಗಿಯುತ್ತದೆ. ಊರ ನಡುವಿನ ಗರೀಮಾ ಪ್ಲೇಸ್, ಸಿಟಿ ವಾಕ್ ಸುತ್ತಮುತ್ತ ಎಲ್ಲಿ ನೋಡಿದರೂ ಮಳಿಗೆ, ವೇದಿಕೆ, ಡೋಲು, ಹೊಗೆ. ಒಳಗೆ ಹೋಗಲು ದುಡ್ಡಿಲ್ಲ. ಖರ್ಚೆಲ್ಲ ಹೊಟ್ಟೆಯದೇ.

ಊರಿಂದ ಅಪ್ಪ ಅಮ್ಮ ಬಂದಿರುವಾಗ, ಜೊತೆಗೆ ಸಣ್ಣ ಮಕ್ಕಳೂ ಇರುವಾಗ ಹೋಗುವುದು ಹೇಗೆ? ನಾವು ಎರಡು ಸಲ ಕೆಟ್ಟು ಮೂರನೇ ಸಲ ಕಲಿತಿದ್ದು ಇದು.

ಮೊದಲು ದಿನ, ಹೊತ್ತು ಗೊತ್ತು ಮಾಡಿಕೊಳ್ಳಿ. ಸಂಜೆ ಬೇಡ. ಕತ್ತಲಾದ ಮೇಲೆ ಭುಜಕ್ಕೆ ಭುಜ ತಾಗುವಷ್ಟು ಜನ, ತಳ್ಳುಗಾಡಿಯಲ್ಲಿ ಕೂತ ಮಗುವಿಗೆ ಕಾಣುವುದು ಬರೀ ಮೊಣಕಾಲು. ಶನಿವಾರವೋ ಭಾನುವಾರವೋ ಮಳಿಗೆ ತೆರೆಯುವ ಹೊತ್ತಿಗೇ ಹೋಗಿ, ಮೂರು ಗಂಟೆಗೆ ವಾಪಸ್ ಹೊರಡಿ.

ಕಾರನ್ನು ಊರೊಳಗೆ ತರಲೇಬೇಡಿ. ಪಾರ್ಕಿಂಗ್ ಹುಡುಕುತ್ತ ನಾವು ಮುಕ್ಕಾಲು ಗಂಟೆ ಸುತ್ತಿದ್ದೇವೆ, ಅಷ್ಟರಲ್ಲಿ ಮಕ್ಕಳ ಜಗಳ ಮುಗಿದು ಗಂಡ ಹೆಂಡತಿ ಜಗಳ ಶುರುವಾಗಿತ್ತು. ಊರಿನ ಉತ್ತರಕ್ಕಿರುವ ಗಂಗಾಲಿನ್‌ನಿಂದ ಬರುವ ಟ್ರಾಮು ಕೊನೆಗೆ ನಿಲ್ಲುವುದು ಅಲಿಂಗಾ ಸ್ಟ್ರೀಟ್‌ನಲ್ಲಿ. ಅಲ್ಲಿಂದ ಗರೀಮಾ ಪ್ಲೇಸ್‌ಗೆ ನಾಲ್ಕು ಹೆಜ್ಜೆ. ಸಿಡ್ನಿಯಿಂದ ಫೆಡರಲ್ ಹೈವೇಯಲ್ಲಿ ಬರುವವರಿಗೂ ಇದೇ ಸುಲಭ, ಕಾರನ್ನು ಉತ್ತರದ ಕಡೆಯೇ ಬಿಟ್ಟು ಟ್ರಾಮು ಹತ್ತಿ.

ಚೀಲದಲ್ಲಿ ಏನಿರಬೇಕು? ಟೋಪಿ, ಸನ್‌ಸ್ಕ್ರೀನ್, ನೀರು. ಇಲ್ಲಿನ ಫೆಬ್ರುವರಿಯ ಒಣ ಬಿಸಿಲಿಗೆ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಸುಮ್ನೆ ಚರ್ಮ ಸುಡುತ್ತದೆ. "ನಾವು ನೋಡದ ಬಿಸಿಲೇ" ಅಂದ ಅಪ್ಪನ ಕತ್ತು ಸಂಜೆಗೆ ಕೆಂಪಗಾಗಿತ್ತು. ಒಂದಿಷ್ಟು ನೋಟೂ ಇರಲಿ, ಜನ ಜಾಸ್ತಿಯಾದಾಗ ಕಾರ್ಡ್ ಮೆಷಿನ್ ಸತಾಯಿಸುತ್ತದೆ. ಮಕ್ಕಳ ತೋಳಿನ ಮೇಲೆ ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ. ತಪ್ಪಿಸಿಕೊಂಡರೆ ಸೇರುವ ಜಾಗವನ್ನೂ ಮೊದಲೇ ತೋರಿಸಿ. ನಮ್ಮದು ಪೆಟ್ರೀ ಪ್ಲಾಜಾದ ಮೆರಿ-ಗೋ-ರೌಂಡ್. 1914ರ ಮರದ ಕುದುರೆಗಳು, ಮಕ್ಕಳು ಮರೆಯುವುದೇ ಇಲ್ಲ.

ಈಗ ಊಟ. ಎಲ್ಲರೂ ತಪ್ಪು ಮಾಡುವುದು ಇಲ್ಲೇ. ಮೊದಲ ಮಳಿಗೆಯಲ್ಲೇ ತಲೆಗೊಂದು ಪ್ಲೇಟು ತಗೊಂಡು ಹೊಟ್ಟೆ ಬಿರಿಯ ತಿಂದರೆ ಆಮೇಲೆ ನಡೆಯುವುದೊಂದೇ ಕೆಲಸ. ಮೊದಲು ಖಾಲಿ ಕೈಯಲ್ಲಿ ಒಂದು ಸುತ್ತು ಹಾಕಿ. ಆಮೇಲೆ ಒಂದು ಪ್ಲೇಟು, ಐದು ಚಮಚ. ಟರ್ಕಿಯವರ ಗೋಜ್ಲೆಮೆ ಮಳಿಗೆಯಲ್ಲಿ ಉದ್ದ ಕೋಲಿನಂಥ ಲಟ್ಟಣಿಗೆಯಲ್ಲಿ ಹಾಳೆಯಷ್ಟು ತೆಳ್ಳಗೆ ಲಟ್ಟಿಸಿ, ಪಾಲಕ್ ಚೀಸ್ ತುಂಬಿ, ಮಡಚಿ ಬೇಯಿಸುತ್ತಾರೆ. ಇಥಿಯೋಪಿಯಾದ ಇಂಜೆರಾ ನಮ್ಮ ಹುಳಿ ದೋಸೆಯ ದೊಡ್ಡಪ್ಪ, ಮೇಲೆ ಬೇಳೆ ಹಾಕಿಸಿಕೊಂಡರೆ ಅಮ್ಮನಿಗೂ ಸೇರಿತು.

ಡಚ್ಚರ ಪಾಫರ್ಚಸ್ ಮಳಿಗೆ ಮುಂದೆ ಮಾತ್ರ ಅಮ್ಮ ನಿಂತೇಬಿಟ್ಟರು. ಕಬ್ಬಿಣದ ಹಂಚು, ಸಾಲು ಸಾಲು ಗುಳಿ, ಗುಳಿಗಿಷ್ಟು ಹಿಟ್ಟು, ಮಳಿಗೆಯವನು ಕಡ್ಡಿಯಿಂದ ಟಕ್ಕಂತ ತಿರುವಿ ಹಾಕುತ್ತಿದ್ದಾನೆ. "ಅಲ್ಲೋ, ಇದು ನಮ್ಮ ಪಡ್ಡಿನ ಹಂಚಲ್ವೇನೋ!" ದಾವಣಗೆರೆಯಿಂದ ಇಷ್ಟು ದೂರ ಬಂದು ಪಡ್ಡು ನೋಡುವುದು ಅಂದರೆ! ಆದರೆ ಮೇಲೆ ಬೆಣ್ಣೆ, ಸಕ್ಕರೆ ಪುಡಿ. "ಮೊಟ್ಟೆ ಹಾಕಿದಾರಾ ಕೇಳು" ಅಂದರು. ಹಾಕಿದ್ದರು. ಅಮ್ಮ ತಿನ್ನಲಿಲ್ಲ, ಹೋಗಲೂ ಇಲ್ಲ. "ಹಂಚಿಗೆ ಎಣ್ಣೆ ಸಾಲದು" ಅಂತ ತೀರ್ಪು ಕೊಟ್ಟು, ಮಕ್ಕಳು ಪ್ಲೇಟು ಖಾಲಿ ಮಾಡುವವರೆಗೂ ಅವನ ಕೈಯನ್ನೇ ನೋಡುತ್ತಿದ್ದರು.

ಸಸ್ಯಾಹಾರಿಗಳು "ವೆಜಿಟೇರಿಯನ್ನಾ?" ಅಂತಷ್ಟೇ ಕೇಳಿದರೆ ಸಾಲದು. ಮೊಟ್ಟೆ ಇದೆಯಾ, ಫಿಶ್ ಸಾಸ್ ಹಾಕಿದ್ದೀರಾ, ಮಾಂಸ ಕರಿದ ಎಣ್ಣೆಯಲ್ಲೇ ಇದನ್ನೂ ಕರಿಯುತ್ತೀರಾ ಅಂತ ಬಿಡಿಸಿ ಕೇಳಿ. ಥಾಯ್, ವಿಯೆಟ್ನಾಂ ಅಡುಗೆಯಲ್ಲಂತೂ ತರಕಾರಿ ಪಲ್ಯಕ್ಕೂ ಫಿಶ್ ಸಾಸ್ ಬಿದ್ದಿರುತ್ತದೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಾರ್ಯಕ್ರಮಗಳ ಪಟ್ಟಿ ಹಿಡಿದು ವೇದಿಕೆಯಿಂದ ವೇದಿಕೆಗೆ ಓಡಬೇಡಿ. ಎರಡನ್ನು ಆರಿಸಿ, ಹತ್ತು ನಿಮಿಷ ಮೊದಲು ಹೋಗಿ ಕೂತುಕೊಳ್ಳಿ. ಕ್ಯಾನ್‌ಬೆರಾ ರಾಜಧಾನಿ, ರಾಯಭಾರ ಕಚೇರಿಗಳೂ ಮಳಿಗೆ ಹಾಕುತ್ತವೆ. ಬಾವುಟ, ಸ್ಟಿಕರ್ ಅಂತ ಏನಾದರೂ ಸಿಕ್ಕರೆ ಮಕ್ಕಳಿಗೆ ಅಷ್ಟೇ ಸಾಕು.

ಮಧ್ಯಾಹ್ನ ಅಪ್ಪ ಮೊಣಕಾಲು ನೋವು ಅಂದಾಗ ಗ್ಲೀಬ್ ಪಾರ್ಕ್‌ಗೆ ಹೋಗಿ. ದೊಡ್ಡ ದೊಡ್ಡ ಮರಗಳ ನೆರಳು, ಹುಲ್ಲು. ಚಾದರ ಹಾಸಿ, ಮನೆಯಿಂದ ತಂದ ಮೊಸರನ್ನದ ಡಬ್ಬಿ ತೆಗೆಯಿರಿ. ಹೌದು, ಅಷ್ಟೆಲ್ಲ ತಿಂದ ಮೇಲೂ ಅದು ಖಾಲಿಯಾಗುತ್ತದೆ. ಅರ್ಧ ಗಂಟೆ ಮಲಗಿದರೂ ಯಾರೂ ಏನೂ ಅನ್ನುವುದಿಲ್ಲ.

ಸಿಡ್ನಿ ಕಡೆ ವಾಪಸ್ ಹೋಗುವವರು ಗೌಲ್‌ಬರ್ನ್‌ನಲ್ಲಿ ಇಳಿಯಿರಿ. 15 ಮೀಟರ್ ಎತ್ತರದ ಕಾಂಕ್ರೀಟ್ ಟಗರು ಇದೆ, ಮಕ್ಕಳು ಅದರ ಕೆಳಗೆ ಓಡಾಡಲಿ, ನೀವು ಕಾಫಿ ಕುಡಿಯಿರಿ. ಅಲ್ಲಿಂದ ಮುಂದೆ ಇನ್ನೂ ಎರಡು ಗಂಟೆ ಡ್ರೈವ್ ಇದೆ.