ಮಾದರಿ ಲೆಕ್ಕವನ್ನು ಮುಚ್ಚಿಟ್ಟು ಬಿಡಿಸಿ

ಬಿಡಿಸಿಟ್ಟ ಲೆಕ್ಕ ಓದುವಾಗ ಎಲ್ಲವೂ ಅರ್ಥವಾದಂತೆಯೇ ಅನಿಸುತ್ತದೆ. ಅದೇ ಲೆಕ್ಕ ಪರೀಕ್ಷೆಯಲ್ಲಿ ಬಂದಾಗ ಎರಡನೇ ಸಾಲಿಗೇ ಪೆನ್ನು ನಿಲ್ಲುತ್ತದೆ. ಮುಂದಿನ ಹೆಜ್ಜೆ ಯಾವುದೆಂದು ಆರಿಸುವ ಕೆಲಸವನ್ನು ಅಷ್ಟು ದಿನ ಪುಸ್ತಕವೇ ಮಾಡುತ್ತಿತ್ತು. ರೂಢಿಯಾಗಬೇಕಾದದ್ದು ಆ ಆರಿಸುವ ಕೆಲಸವೇ.

ಹತ್ತನೇ ತರಗತಿಯ ಸಮಾಂತರ ಶ್ರೇಢಿಯನ್ನೇ, ಅಂದರೆ ಪ್ರತಿ ಸಲ ಒಂದೇ ಸಂಖ್ಯೆ ಕೂಡುತ್ತಾ ಹೋಗುವ ಸಾಲನ್ನೇ, ತೆಗೆದುಕೊಳ್ಳಿ. 3, 7, 11, 15… ಇದರ 20ನೇ ಪದ ಎಷ್ಟು? ಇಂಥ ಒಂದು ಮಾದರಿ ಲೆಕ್ಕವನ್ನು ನಿಧಾನವಾಗಿ ಓದಿ, ಪ್ರತಿ ಸಾಲಿಗೂ ‘ಇದು ಯಾಕೆ?’ ಎಂದು ಕೇಳಿಕೊಳ್ಳಿ. ಆಮೇಲೆ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಮೊದಲಿನಿಂದ ಬರೆಯಿರಿ. ಹಲವರು ಇಲ್ಲಿ 3 + 20 × 4 = 83 ಎನ್ನುತ್ತಾರೆ. ಸರಿಯುತ್ತರ 79. ಸೂತ್ರವನ್ನು ಇನ್ನೊಮ್ಮೆ ಉರುಹೊಡೆದರೆ ಈ ತಪ್ಪು ಹೋಗದು. ಸಾಲಾಗಿ ಐದು ಚುಕ್ಕಿ ಇಟ್ಟು ನಡುವಿನ ಜಾಗ ಎಣಿಸಿ: ನಾಲ್ಕೇ. ಹಾಗೆಯೇ 20 ಪದಗಳ ನಡುವೆ 19 ಜಿಗಿತ, ಅಂದರೆ 3 + 19 × 4. ಸೂತ್ರದಲ್ಲಿ ಪದದ ಸಂಖ್ಯೆಯಿಂದ ಒಂದನ್ನು ಕಳೆಯುವುದು ಇದಕ್ಕೇ.

ಸಿಕ್ಕಿಕೊಂಡರೆ ಹತ್ತು ನಿಮಿಷ ನೀವೇ ಹೆಣಗಿ. ಕೊಟ್ಟಿರುವುದೇನು, ಕೇಳಿರುವುದೇನು ಬರೆದುಕೊಳ್ಳಿ; ಸಣ್ಣ ಸಂಖ್ಯೆ ಹಾಕಿ ನೋಡಿ. ಆಗಲೂ ಬಾರದಿದ್ದರೆ ಉತ್ತರದ ಮೇಲೆ ಹಾಳೆ ಇಟ್ಟು, ಒಂದೇ ಸಾಲು ಕಾಣುವಷ್ಟು ಸರಿಸಿ ಮುಂದುವರಿಯಿರಿ. ಇಡೀ ಉತ್ತರ ನೋಡಿಬಿಟ್ಟರೆ, ಎರಡು ದಿನ ಬಿಟ್ಟು ನೋಡದೆ ಮಾಡಿ.

ತಪ್ಪುಗಳಿಗೆಂದೇ ಬೇರೆ ನೋಟ್‌ಬುಕ್ ಇರಲಿ. ಅದರಲ್ಲಿ ‘ಅವಸರದ ತಪ್ಪು’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ತಪ್ಪಿದ ಸಾಲನ್ನೇ ಬರೆಯಿರಿ: 12 − (5 − 2) ಎಂಬುದನ್ನು 12 − 5 − 2 ಮಾಡಿದೆ, ಆವರಣ ಬಿಡಿಸುವಾಗ ಒಳಗಿನ ಮೈನಸ್ ಪ್ಲಸ್ ಆಗಬೇಕಿತ್ತು, ಉತ್ತರ 9.

ಅಧ್ಯಾಯದ ಕೊನೆಯ ಲೆಕ್ಕಗಳಲ್ಲಿ ಯಾವ ಸೂತ್ರ ಹಾಕಬೇಕೆಂದು ಅಧ್ಯಾಯದ ಹೆಸರೇ ಹೇಳಿಬಿಡುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಆ ಸುಳಿವು ಇರುವುದಿಲ್ಲ. ಹೀಗಾಗಿ ವಾರಕ್ಕೆರಡು ದಿನ ಶ್ರೇಢಿ, ವರ್ಗ ಸಮೀಕರಣ, ತ್ರಿಕೋನಮಿತಿಯಿಂದ ಎರಡೆರಡು ಲೆಕ್ಕಗಳನ್ನು ಚೀಟಿಗಳಲ್ಲಿ ಬರೆದು ಕಲೆಸಿ. ಚೀಟಿ ತೆಗೆದ ಕೂಡಲೇ ಬಿಡಿಸಲು ಹೋಗಬೇಡಿ. ಯಾವ ದಾರಿ, ಏಕೆ ಎಂದು ಒಂದು ಸಾಲು ಬರೆದೇ ಮುಂದೆ ಹೋಗಿ. ಮೊದಮೊದಲು ತಪ್ಪು ಹೆಚ್ಚುತ್ತದೆ, ಹೆದರಿ ಬಿಡಬೇಡಿ.

ಭಾನುವಾರ ಒಟ್ಟಿಗೆ ಮೂರು ಗಂಟೆ ಕೂರುವ ಬದಲು ಆರು ದಿನ ಅರ್ಧರ್ಧ ಗಂಟೆ ಕೂರಿ. ಮೊದಲ ಐದು ನಿಮಿಷ ತಪ್ಪಿನ ನೋಟ್‌ಬುಕ್ಕಿನ ಒಂದು ಹಳೆಯ ಲೆಕ್ಕಕ್ಕೆ. ಬೇರೆ ಬೇರೆ ವಾರಗಳಲ್ಲಿ ಎರಡು ಸಲ ಸರಿಬಂದ ಮೇಲಷ್ಟೇ ಅದರ ಮೇಲೆ ಅಡ್ಡಗೆರೆ ಎಳೆಯಿರಿ.